ಹೇಳಿ ಬರುವ ಸಾಹೇಬರು

"ಒಳಗ ಅದಾಳ. ನನಗ ಗೊತ್ತೈತಿ," ಎನ್ನುತ್ತ ಜಬೀನ ನದಾಫ ಅರ್ಧ ತೆರೆದ ಬಾಗಿಲಿಗೆ ಕೈ ಕೊಡುತ್ತಾರೆ. ಒಳಗಿನಿಂದ ಬಾಗಿಲು ಹಿಡಿದಿರುವ ಮುದುಕಿ ಮಾಯವ್ವ ಬಿಡುವುದಿಲ್ಲ. ಸೂರ್ಯ ಇನ್ನೂ ಬಿಳಿಜೋಳದ ಹೊಲಗಳ ಆಚೆಗಿದ್ದಾನೆ. ಓಣಿಯ ನಾಯಿಗಳಿಗೆ ಈ ಹೊತ್ತಿನಲ್ಲಿ ಜೀಪು ಕಂಡು ಅಭ್ಯಾಸವಿಲ್ಲ, ಬೊಗಳುವುದನ್ನು ನಿಲ್ಲಿಸುತ್ತಿಲ್ಲ.

"ಯಾರೂ ಇಲ್ಲಬೇ ಮನ್ಯಾಗ. ಹುಡುಗಿಗೆ ಜ್ವರ ಬಂದಾವು."

"ಯಾರೂ ಇಲ್ಲಂದ್ರ ಜ್ವರ ಯಾರಿಗೆ ಬಂದಾವು?"

ಹಿಂದೆ ನಿಂತ ಜೀಪಿನ ಚಾಲಕ ಯಮನೂರಸಾಬ ಕಿಸಕ್ಕನೆ ನಗುತ್ತಾನೆ. ಮಾಯವ್ವ ಅವನನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಬಾಗಿಲಿನ ಬಿಗಿ ಸಡಿಲಾಗುತ್ತದೆ. ಜಬೀನ ಒಳಗಿದ್ದಾರೆ. ಗೋಡೆಗೆ ಒರಗಿಸಿದ ಜೋಳದ ಚೀಲಗಳ ಹಿಂದೆ ಮೊಣಕಾಲು ಅಪ್ಪಿಕೊಂಡು ಒಬ್ಬ ಹುಡುಗಿ ಕೂತಿದ್ದಾಳೆ. ಹೆಸರು ದೇವಿಕಾ, ಐದನೆಯ ತರಗತಿ. ಮೇಲೊಂದು ಹಳೆಯ ಸ್ವೆಟರು. ಅದರ ಕೆಳಗೆ ಶಾಲೆಯ ಸಮವಸ್ತ್ರ. ಎರಡು ಜಡೆ, ಮಡಚಿ ಕಟ್ಟಿದ ಕೆಂಪು ರಿಬ್ಬನ್ನು.

"ಜ್ವರ ಬಂದಾಕಿ ರಿಬ್ಬನ್ ಕಟಗೊಂಡೀಯಲ್ಲ?"

ಉತ್ತರ ಮಾಯವ್ವನಿಂದ ಬರುತ್ತದೆ, ಸೋತ ದನಿಯಲ್ಲಿ. "ಬ್ಯಾಡ ಅಂದ್ರೂ ಡ್ರೆಸ್ ಹಾಕ್ಕೊಂಡ ಕುಂತಾಳ ನೋಡು. ಸರ ನಿನ್ನೆನ ಬಂದ ಹೇಳಿ ಹೋಗ್ಯಾರ. ನಾಳೆ ಸಾಹೇಬರ ಬರತಾರ, ನಿಮ್ಮ ಹುಡುಗಿಗೆ ಓದಾಕ ಬರೂದಿಲ್ಲ, ಮನ್ಯಾಗ ಇಟಗೋರಿ ಅಂದಾರ. ಊರ ಮರ್ಯಾದಿ ಪ್ರಶ್ನೆ ಅಂತ."

"ಸಾಹೇಬರ ಎಷ್ಟಕ್ಕ ಬರತಾರಂತ?"

"ಹತ್ತಕ್ಕ. ನೀ ಯಾರಾಕಿ ತಂಗಿ?"

"ನಾನಾ? ಸಾಲಿ ಅಕ್ಕೋರು."

"ಅಜ್ಜಿ, ಹಂಗ ಅಂತಾರ ಅಷ್ಟ," ಯಮನೂರಸಾಬ ಹೊರಗಿನಿಂದಲೇ ಕೂಗುತ್ತಾನೆ, "ಆ ಹತ್ತರ ಸಾಹೇಬರ ಇವರ ನೋಡು!"

ಮಾಯವ್ವ ಜಬೀನ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ಇಳಕಲ್ ಸೀರೆ, ಗಂಡಸರ ಸ್ವೆಟರು, ಬಿಳಿ ಕ್ಯಾನ್ವಾಸ್ ಬೂಟು. "ಸಾಹೇಬರಂದ್ರ ಪ್ಯಾಂಟ್ ಹಾಕ್ಕೊಂಡಿರತಾರ ಅಂತ ಮಾಡಿದ್ದೆ ನಾ."

"ಬೂಟ ಹಾಕ್ಕೊಂಡೀನಲ್ಲಬೇ. ಸಾಕ ತಗೋ," ಎಂದು ಜಬೀನ ಹುಡುಗಿಯತ್ತ ಕೈ ಚಾಚುತ್ತಾರೆ. "ಏಳು. ಚೀಲದಾಗ ಪುಸ್ತಕ ಅದಾವೋ, ಅವಕ್ಕೂ ಜ್ವರ ಬಂದಾವೋ?"

ರೋಣ, ನರಗುಂದ, ಗಜೇಂದ್ರಗಡ. ಈ ಮೂರು ತಾಲೂಕುಗಳ ಒಳಗೇ ಜಬೀನ ನದಾಫ ಅವರ ಬದುಕು ಓಡಾಡಿದೆ. ಓಡಾಡಿದೆ ಎನ್ನುವುದು ಅಲಂಕಾರದ ಮಾತಲ್ಲ. ಈಗ ಅವುಗಳಲ್ಲಿ ಒಂದರ ಕ್ಷೇತ್ರ ಶಿಕ್ಷಣಾಧಿಕಾರಿ. ಯಾವುದರದೆಂದು ಬರೆಯಬಾರದು, ಈ ಹೊಳೆದಂಡೆಯ ಊರಿನ ಹೆಸರನ್ನೂ ಬರೆಯಬಾರದು ಎಂಬ ಷರತ್ತಿನ ಮೇಲೆ ಪತ್ರಿಕೆಯ ಜೊತೆ ಮಾತಿಗೆ ಒಪ್ಪಿದ್ದಾರೆ. "ಮಾಸ್ತರ ಮಂದಿ ಕೆಟ್ಟವರಲ್ಲ. ಊರ ಹೆಸರ ಬರದ್ರ ಅವರಷ್ಟ ಕೆಟ್ಟವರು ಆಗತಾರ. ಎಲ್ಲಾ ಕಡೆ ಇದ ಐತಿ."

ಇದು ಎಂದರೆ ಇಷ್ಟು. ಅಧಿಕಾರಿ ಬರುವ ದಿನ ಓದಲು ಬಾರದ ಮಕ್ಕಳು ಶಾಲೆಯಲ್ಲಿ ಇರುವುದಿಲ್ಲ. ಯಾರೂ ಹೊಡೆದು ಓಡಿಸುವುದಿಲ್ಲ. ಹಿಂದಿನ ಸಂಜೆ ಮನೆಗೆ ಹೋಗಿ ಮೆತ್ತಗೆ ಒಂದು ಮಾತು ಹೇಳಿದರೆ ಸಾಕು. ಜ್ವರ ಬರುತ್ತದೆ, ಅತ್ತೆಯ ಊರಲ್ಲಿ ಜವಳ ಇರುತ್ತದೆ, ಹೊಲದಲ್ಲಿ ಕಡಲೆ ಕೀಳುವ ಕೆಲಸ ಇರುತ್ತದೆ. ಹಿಂದಿನ ಅಧಿಕಾರಿಗಳೆಲ್ಲ ಇದಕ್ಕೆ ಮದ್ದೆಂದು ಹೇಳದೆ ಕೇಳದೆ ಶಾಲೆಗೆ ನುಗ್ಗುತ್ತಿದ್ದರು. ಜಬೀನ ಅವರದು ತಿರುವುಮುರುವು. ಎರಡು ದಿನ ಮೊದಲೇ ಫೋನು ಮಾಡಿ ಬರುತ್ತೇನೆಂದು ಹೇಳುತ್ತಾರೆ. ಹತ್ತು ಗಂಟೆ ಎಂದೂ ಹೇಳುತ್ತಾರೆ. ಆಮೇಲೆ ನಸುಕಿನಲ್ಲೇ ಊರಿಗೆ ಬಂದು, ಶಾಲೆಯ ಕಡೆ ತಲೆಯೂ ಹಾಕದೆ ಓಣಿಗಳನ್ನು ಸುತ್ತುತ್ತಾರೆ.

"ಹೇಳದ ಬಂದ್ರ ನಾ ಮಾಸ್ತರನ್ನ ಹಿಡೀಬೌದು. ಅವನ್ನ ತಗೊಂಡ ನಾ ಏನ್ ಮಾಡ್ಲಿ? ಹೇಳಿ ಬಂದ್ರ ಹುಡುಗ್ರ ಸಿಗತಾರ. ಬಚ್ಚಿಟ್ಟವರು ಯಾರ್ ಯಾರು ಅಂತ ಊರಿಗೆ ಊರ ತೋರಸತೈತಿ."

ಶಿಕ್ಷಕರು ಬೆನ್ನ ಹಿಂದೆ ಇಟ್ಟಿರುವ ಹೆಸರು 'ಗಸ್ತಿ ಮೇಡಂ'. ಯಮನೂರಸಾಬ ಅದನ್ನು ಮುಖದ ಮೇಲೇ ಹೇಳುತ್ತಾನೆ. ಈ ಭಾಗದಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ, ಅಧಿಕಾರಿ ಗಂಡಾಗಲಿ ಹೆಣ್ಣಾಗಲಿ ಸಾಹೇಬರು. ಅಕ್ಕೋರಿಂದ ಸಾಹೇಬರವರೆಗೆ ಬರಲು ಜಬೀನ ಅವರಿಗೆ ಮೂವತ್ತು ವರ್ಷದ ಮೇಲೆ ಹಿಡಿದಿದೆ. ಇನ್ನೊಂದು ಮೆಟ್ಟಿಲು ಉಳಿದಿದೆ. ಉಪನಿರ್ದೇಶಕರ ಹುದ್ದೆ, ಇಡೀ ಜಿಲ್ಲೆಯ ಶಾಲೆಗಳು. ಅದು ಬೇಡವೆಂಬ ಸೋಗು ಅವರಲ್ಲಿಲ್ಲ.

"ಖರೇ ಹೇಳ್ತೀನಿ, ನನಗ ಆ ಕುರ್ಚಿ ಬೇಕು. ಬ್ಯಾಡ ಅಂದ್ರ ಸುಳ್ಳ ಹೇಳಿದಂಗ. ಇಲ್ಲಿ ನಾ ಒಬ್ಬಾಕೀನ ಓಣಿ ತಿರುಗತೀನಿ. ಅಲ್ಲಿ ಕುಂತ್ರ ಎಲ್ಲಾ ಸಾಹೇಬರನ್ನೂ ತಿರುಗಿಸ್ತೀನಿ."

ಆ ಕುರ್ಚಿಗೂ ಈ ಶುಕ್ರವಾರಕ್ಕೂ ಸಂಬಂಧವಿದೆ. ಶುಕ್ರವಾರ, ಶನಿವಾರ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದಿನ ಪರೀಕ್ಷೆ. ಅಂದು ಹಾಜರಿರುವ ಮಕ್ಕಳನ್ನು ಮಾತ್ರ ಓದಿಸುತ್ತಾರೆ. ಅದರ ಮೇಲೆ ತಾಲೂಕುಗಳಿಗೆ ಸ್ಥಾನ. ಹೋದ ವರ್ಷ ಜಬೀನ ಅವರ ತಾಲೂಕು ಕಟ್ಟಕಡೆಗೆ ನಿಂತಿತು, ಯಾಕೆಂದರೆ ಅಲ್ಲಿ ಎಲ್ಲ ಮಕ್ಕಳೂ ಹಾಜರಿದ್ದರು. ಈ ಬಾರಿಯೂ ಕಡೆಗೇ ನಿಂತರೆ ಬಡ್ತಿಗೆ ಅವರ ಹೆಸರು ಹೋಗುವುದಿಲ್ಲ. ಮುಂದಿನ ಸುತ್ತು ಬರುವಷ್ಟರಲ್ಲಿ ಅವರು ನಿವೃತ್ತರಾಗಿರುತ್ತಾರೆ.

ದೇವಿಕಾಳ ಕೈ ಹಿಡಿದು ಜಬೀನ ನಡೆಯುತ್ತಿದ್ದಾರೆ. ಜೀಪು ಹಿಂದೆ ತೆವಳುತ್ತ ಬರುತ್ತಿದೆ. ಮಲಪ್ರಭೆ ಒಮ್ಮೆ ಊರೊಳಗೆ ನುಗ್ಗಿದ ಮೇಲೆ ಸರಕಾರ ದಿನ್ನೆಯ ಮೇಲೆ ಹೊಸ ಊರು ಕಟ್ಟಿಸಿತು. ಶಾಲೆ ಅಲ್ಲಿಗೆ ಹೋಯಿತು, ಪಂಚಾಯಿತಿ ಹೋಯಿತು, ಅರ್ಧ ಮಂದಿ ಹೋದರು. ದನ ಕಟ್ಟಲು ಜಾಗವಿಲ್ಲವೆಂದು ಉಳಿದ ಅರ್ಧ ಹಳೆಯ ಊರಿನಲ್ಲೇ ನಿಂತರು. ನಡುವಿನ ದಾರಿಯ ಎರಡೂ ಬದಿ ಎರೆಮಣ್ಣು ಒಣಗಿ ಬಿರಿದಿದೆ. ಜಬೀನ ಅವರ ಹೆಜ್ಜೆಗೆ ಸಮನಾಗಿ ಬರಲು ಹುಡುಗಿ ಆಗಾಗ ಓಡುತ್ತಾಳೆ.

"ಸಾವಕಾಶ ನಡೀರಿ ಮೇಡಂ," ಯಮನೂರಸಾಬ ಕೂಗುತ್ತಾನೆ, "ಕೂಸು ಅದು, ಸಿ.ಆರ್.ಪಿ. ಅಲ್ಲ!" ಸಿ.ಆರ್.ಪಿ. ಎಂದರೆ ಹತ್ತಾರು ಶಾಲೆಗಳ ಉಸ್ತುವಾರಿ ನೋಡುವ ಶಿಕ್ಷಕರು. ಜಬೀನ ಅವರ ಹಿಂದೆ ಓಡಿ ದಣಿದವರು.

ಶಾಲೆಯ ಗೇಟಿನಲ್ಲಿ ಮುಖ್ಯ ಶಿಕ್ಷಕ ಮೈಲಾರಪ್ಪ ನಿಂತಿದ್ದಾರೆ. ಜೀಪು ಊರು ಹೊಕ್ಕ ಸುದ್ದಿ ಅವರನ್ನು ಸ್ನಾನದ ಮನೆಯಿಂದಲೇ ಎಬ್ಬಿಸಿ ತಂದಂತಿದೆ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದೆ. ದೇವಿಕಾಳನ್ನು ನೋಡುತ್ತಾರೆ, ನೆಲ ನೋಡುತ್ತಾರೆ. ಆಮೇಲೆ ಅವರು ಹೇಳುವುದು ಕ್ಷಮಾಪಣೆಯಲ್ಲ.

"ನಾವೇನ್ ಕಟುಕರಲ್ರಿ ಮೇಡಂ. ಒಂದ ಕೋಣ್ಯಾಗ ಎರಡ ಕ್ಲಾಸ್ ಕುಂದರಸ್ತೀನಿ. ಮೂರನೇದವರಿಗೆ ಮಗ್ಗಿ ಹೇಳಿದ್ರ ಐದನೇದವರು ಅದನ್ನ ಬರಕೋತಾರ. ಪರೀಕ್ಷ್ಯಾಗ ಮ್ಯಾಲೆ ಬಂದ ತಾಲೂಕಿಗಿ ಹೊಸ ಕೋಣಿ ಮೊದಲ ಅಂತ ಮೀಟಿಂಗಿನ್ಯಾಗ ನೀವ ಹೇಳೀರಿ. ಹೌದಿಲ್ಲೋ?"

"ಹೌದು. ಹೇಳೀನಿ."

"ಮತ್ತ ಈ ಒಂದ ಕೂಸು ಪರೀಕ್ಷಾದ ಎರಡ ದಿನ ಮನ್ಯಾಗ ಕುಂತ್ರ ನೂರಾ ಎಂಟ ಕೂಸಿಗೆ ಕೋಣಿ ಬರತಿದ್ವು. ನೀವ ಹೇಳ್ರಿ, ನಾ ಮಾಡಿದ್ದ ತಪ್ಪೇನು?"

ಸುಮ್ಮನೆ ನಿಲ್ಲುವುದು ಜಬೀನ ಅವರಿಗೆ ಒಗ್ಗುವುದಿಲ್ಲ, ಬೂಟಿನ ತುದಿಯಿಂದ ಒಂದು ಹೆಂಟೆಯನ್ನು ಪುಡಿ ಮಾಡುತ್ತಾರೆ. ಕೊನೆಗೆ, "ಓದಿನ ಹಾಳಿ ತಗೊಂಡ ಬರ್ರಿ," ಎನ್ನುತ್ತಾರೆ.

ಕಟ್ಟೆಯ ಮೇಲೆ ಕೂತು ದೇವಿಕಾ ಹಾಳೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ. ಅಲ್ಲಿ ಬರೆದಿರುವುದು: ಗೌರಿ ಬೆಳಗ್ಗೆ ಎದ್ದು ಶಾಲೆಗೆ ಹೋಗುತ್ತಾಳೆ. ಬೆರಳು ನಿಧಾನವಾಗಿ ಸರಿಯುತ್ತದೆ, ತುಟಿ ಸದ್ದಿಲ್ಲದೆ ಅಲ್ಲಾಡುತ್ತದೆ, ಬೆರಳು ಹಿಂದಕ್ಕೆ ಬರುತ್ತದೆ. ಆಮೇಲೆ ಒಂದೇ ಉಸಿರಿಗೆ, "ಗೌರಿ ಮುಂಜಾನಿ ಎದ್ದ ಸಾಲಿಗಿ ಹೊಕ್ಕಾಳ."

"ನೋಡ್ರಿ," ಮೈಲಾರಪ್ಪ ಕೈ ಚೆಲ್ಲುತ್ತಾರೆ. "ಹೆಸರೊಂದ ಬಿಟ್ರ ಎಲ್ಲಾ ತಪ್ಪು."

"ಸರ, ಮುಂಜಾನಿ ಅನ್ನೂದನ್ನ ಆಕಿ ಎಲ್ಲಿಂದ ತಂದ್ಲು? ಹಾಳ್ಯಾಗ ಇಲ್ಲ. ಬೆಳಗ್ಗೆ ಅನ್ನೂದು ತಲ್ಯಾಗ ಇಳೀದ ಬಾಯಾಗ ಮುಂಜಾನಿ ಹ್ಯಾಂಗ ಬರತೈತಿ?"

ಮೈಲಾರಪ್ಪ ಹಾಳೆ ನೋಡುತ್ತಾರೆ. ಹುಡುಗಿಯನ್ನು ನೋಡುತ್ತಾರೆ. "ಹಂಗಾರ ಓದಾಕ ಬರತೈತಿ ಅಂತ ಹಾಕೂದೇನ್ರಿ?" ದನಿಯಲ್ಲಿ ಆಸೆಯಿದೆ.

"ಇಲ್ಲ. ಬರೂದಿಲ್ಲ ಅಂತನ ಹಾಕ್ರಿ. ಹಾಳ್ಯಾಗ ಇದ್ದದ್ದ ಇದ್ದಂಗ ಓದಾಕ ಬರಬೇಕು, ನಾಳೆ ದವಾಖಾನಿ ಚೀಟಿ ಓದಾಕ ಬೇಕಾಗತೈತಿ. ಆದ್ರ ಈಕಿ ಬಾಗಲಿಗೆ ಬಂದ ನಿಂತಾಳ. ಇನ್ನೊಂದ ಹೆಜ್ಜಿ ಅಷ್ಟ. ಆ ಹೊತ್ತಿನ್ಯಾಗ ಮನಿಗೆ ಹೋಗು ಅಂತೀರೇನ?"

ದೇವಿಕಾ ಮಾತಾಡುತ್ತಾಳೆ, ಮೊದಲ ಬಾರಿಗೆ, ಯಾರ ಮುಖವನ್ನೂ ನೋಡದೆ. "ಶುಕ್ರವಾರ ಬರ್ಲ್ಯೋ ಬ್ಯಾಡೋ?"

"ಬಾ," ಎನ್ನುತ್ತಾರೆ ಇಬ್ಬರೂ. ಮೈಲಾರಪ್ಪ ತುಸು ತಡವಾಗಿ.

ಜೀಪಿನ ಬಾನೆಟ್ಟಿನ ಮೇಲೆ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ. ಜಬೀನ ನಿಂತೇ ಉಣ್ಣುತ್ತಾರೆ. ಕೂರುವುದು ಅವರಿಗೆ ಎಂದೂ ಹಿಡಿಸಿಲ್ಲ ಎಂಬುದಕ್ಕೆ ಸಾಕ್ಷಿ ಅವರ ಗಂಡ ಖಾದರ, ಸಾರಿಗೆ ಬಸ್ಸಿನ ನಿವೃತ್ತ ನಿರ್ವಾಹಕ. "ಈಕಿಗಂತ ಮುಂದಿನ ಸೀಟ್ ಹಿಡದ ಇಡತಿದ್ದೆ. ಅಲ್ಲಿ ಚೀಲ ಇಟ್ಟ ಬಾಗಲದಾಗ ನಿಂದರತಿದ್ಲು. ಮಂದಿ ಈಕೀನ ಕಂಡಕ್ಟರ್ ಅಂತ ತಿಳದ ಟಿಕೀಟ ಕೇಳತಿದ್ರು."

ಮಧ್ಯಾಹ್ನ ನರಗುಂದದಲ್ಲಿ ಒಂದು ಸಭೆ. ಅದಕ್ಕೆ ಮೊದಲು ಪೇಟೆಯಲ್ಲಿ ಅರ್ಧ ಗಳಿಗೆ ತಮ್ಮನ ಗಾದಿ ಅಂಗಡಿ. ಅಪ್ಪ ಊರೂರು ಅಲೆದು ಅರಳೆ ಹಿಂಜುತ್ತಿದ್ದವರು, ತಾಯಿ ಲಾಲಬಿ ಗಾದಿಗೆ ಗವಸು ಹೊಲಿಯುತ್ತಿದ್ದವರು. ಈಗ ತಮ್ಮ ಇರ್ಫಾನ ಯಂತ್ರದಲ್ಲಿ ಹಿಂಜುತ್ತಾರೆ. ಅಂಗಡಿಯ ತುಂಬ ಅರಳೆಯ ಧೂಳು, ಹುಬ್ಬು ಮೀಸೆ ಬೆಳ್ಳಗೆ. ಅಕ್ಕ ಏರಿದ ಎತ್ತರದ ಬಗ್ಗೆ ಕೇಳಿದರೆ ಯಂತ್ರ ನಿಲ್ಲಿಸಿ ನಗುತ್ತಾರೆ.

"ನಾವಿಬ್ರೂ ಒಂದ ಸಾಲಿಗಿ ಹೋದವರು. ಮೂರನೇತ್ತ್ಯಾಗ ಇದ್ದೆ, ನನಗ ಓದ ಬರತಿದ್ದಿಲ್ಲ. ಸಾಹೇಬರ ಬರೂ ಮುಂದ ನಮ್ಮ ಮಾಸ್ತರ ನಾಳಿ ಬರಬ್ಯಾಡ ಅಂದ್ರು. ನಾಡದ ಬಾ ಅನ್ನೂದ ಮರತ್ರು. ಇನ್ನೂ ಕಾಯಾಕತ್ತೀನಿ!"

ಅಂಗಡಿಗೆ ಬಂದ ಗಿರಾಕಿಯೂ ನಗುತ್ತಾನೆ. ಜಬೀನ ನಗುವುದಿಲ್ಲ. ಅವರ ಬೆರಳುಗಳು ತಮ್ಮನ ತೋಳಿಗೆ ಅಂಟಿದ ಅರಳೆಯನ್ನು ಎಳೆಎಳೆಯಾಗಿ ಬಿಡಿಸುತ್ತಿವೆ. "ಇವನೇನ್ ದಡ್ಡ ಅಲ್ಲ," ಹೊರಗೆ ಬಂದ ಮೇಲೆ ಹೇಳುತ್ತಾರೆ. "ಒಂದ ದಿನ ಬಿಡ್ಸಿದ್ರು. ಮರದಿನ ತಾನ ನಾಚಗೊಂಡ ಹೋಗ್ಲಿಲ್ಲ. ಯಾರೂ ಕರ್ಯಾಕ ಬರಲಿಲ್ಲ. ಅಷ್ಟ ಆದದ್ದು."

ಜಬೀನ ಮಾತ್ರ ಓದು ಬಿಡಲಿಲ್ಲ. ಶಿಕ್ಷಕಿಯ ತರಬೇತಿ ಮುಗಿಸಿ ಜಕ್ಕಲಿಯಲ್ಲಿ ಒಂದನೆಯ ತರಗತಿಗೆ ಅಕ್ಕೋರಾದರು. ಮನೆಯಲ್ಲೇ ಓದಿ ಬಿ.ಎ., ಆಮೇಲೆ ಬಿ.ಇಡಿ. ಗಜೇಂದ್ರಗಡದಲ್ಲಿ ಪ್ರೌಢಶಾಲೆಯ ಶಿಕ್ಷಕಿ, ಅಬ್ಬಿಗೇರಿಯಲ್ಲಿ ಮುಖ್ಯ ಶಿಕ್ಷಕಿ. ಇಲಾಖೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಅಧಿಕಾರಿ. ಈಗ ಇನ್ನೂರರ ಹತ್ತಿರ ಶಾಲೆಗಳು ಅವರ ಕೈಯಲ್ಲಿವೆ. ಸಾವಿರಕ್ಕೂ ಹೆಚ್ಚು ಶಿಕ್ಷಕರು. ಬೆಳಗ್ಗೆ ಓಣಿ, ಮಧ್ಯಾಹ್ನ ಸಭೆ, ಸಂಜೆ ಕಡತ. ಸೋರುವ ಸೂರು, ಬಿಸಿಯೂಟದ ಬೇಳೆ, ವರ್ಗಾವಣೆ ಕೇಳಿ ಬರುವವರು, ವರ್ಗಾವಣೆ ತಪ್ಪಿಸಿ ಎಂದು ಬರುವವರು. ಮೊದಲ ಗುಂಪಿಗಿಂತ ಎರಡನೆಯ ಗುಂಪು ಜೋರಾಗಿ ಅಳುತ್ತದೆ ಎನ್ನುತ್ತಾನೆ ಯಮನೂರಸಾಬ.

ಜಬೀನ ಅವರ ಮೇಲೆ ದೂರುಗಳೂ ಇವೆ. ಶಿಕ್ಷಕರ ಗೌರವ ಕಳೆಯುತ್ತಾರೆ, ಊರವರ ಮುಂದೆ ಸಣ್ಣವರನ್ನಾಗಿ ಮಾಡುತ್ತಾರೆ ಎಂದು. "ಖರೇ ಐತಿ," ಎನ್ನುತ್ತಾರೆ ಅವರು, ವಾದಕ್ಕೆ ಇಳಿಯದೆ. ಸಂಜೆಯ ಹೊತ್ತಿಗೆ ಜೀಪು ಗಜೇಂದ್ರಗಡದ ಕಡೆಯಿಂದ ಮರಳುತ್ತಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ, ಒಂದು ಮಾತ್ರ ಕೆಟ್ಟು ನಿಂತಿದೆ. ಜಬೀನ ಮುಂದಿನ ಸೀಟಿನ ತುದಿಯಲ್ಲಿದ್ದಾರೆ, ಇನ್ನೇನು ಇಳಿಯುವವರಂತೆ.

"ನಾ ತಿರುಗಿದ್ದಕ್ಕ ಯಾರಿಗೂ ಓದಾಕ ಬಂದಿಲ್ಲ. ಹುಡುಗ್ರ ಸಾಲ್ಯಾಗ ಬಂದ ಕುಂತಾರ, ಅಷ್ಟ. ಕಲಸಾವ್ರು ಮಾಸ್ತರ. ಅವರಿಗೆ ಕೋಣಿ ಇಲ್ಲ. ಮೈಲಾರಪ್ಪ ಸರ ಕೇಳಿದ್ರಲ್ಲ, ತಪ್ಪೇನು ಅಂತ. ಮುಂಜಾನಿಂದ ಅದ ತಲ್ಯಾಗ ಕೊರ್ಯಾಕತ್ತೈತಿ. ನೂರಾ ಎಂಟ ಕೂಸಿನ ಕೋಣಿ ನಾ ತಪ್ಪಸಾಕತ್ತೀನೇನು?"

ಯಮನೂರಸಾಬ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಫೋನು ಬಡಿದುಕೊಳ್ಳುತ್ತದೆ. ಮೇಲಧಿಕಾರಿಯೊಬ್ಬರು. ಜೀಪಿನ ಸದ್ದಿಗೆ ಕೇಳಿಸದೆಂದು ಜಬೀನ ಸ್ಪೀಕರ್ ಒತ್ತುತ್ತಾರೆ.

"ಗಾಡ್ಯಾಗ ಅದೀನ್ರಿ ಸರ್. ಜೋಡಿ ಪೇಪರದವರ ಅದಾರ."

"ಇರಲಿ ಬಿಡ್ರಿ, ನಾ ಏನ್ ಕಳವಿನ ಮಾತ ಆಡಾಕತ್ತಿಲ್ಲ," ದನಿ ಅಕ್ಕರೆಯದು. "ಭಾಳ ದಣದೀರಿ ಮೇಡಂ. ಎಷ್ಟ ವರ್ಷ ಆತು ನೀವು ರಜಾ ತಗೊಂಡು?"

"ನೆನಪಿಲ್ರಿ."

"ಅದಕ್ಕ ಹೇಳಾಕತ್ತೀನಿ. ಶುಕ್ರವಾರ, ಶನಿವಾರ ಎರಡ ದಿನ ಮನ್ಯಾಗ ಇರ್ರಿ. ಪರೀಕ್ಷಾ ಮುಖ್ಯ ಶಿಕ್ಷಕರ ನೋಡಕೋತಾರ. ನೀವು ಊರಾಗ ಹೋಗೂದು ಬ್ಯಾಡ, ಯಾರನ್ನೂ ಕರಕೊಂಡ ಬರೂದು ಬ್ಯಾಡ. ಯಾರ ಬರತಾರೋ ಅವರು ಓದತಾರ. ನಿಮ್ಮ ಕೈಗೆ ಏನೂ ಹತ್ತೂದಿಲ್ಲ."

ಯಮನೂರಸಾಬ ಗೇರು ಇಳಿಸುತ್ತಾನೆ, ರಸ್ತೆ ಖಾಲಿಯಿದ್ದರೂ.

"ಸೋಮವಾರ ನಾನ ಖುದ್ದ ನಿಮ್ಮ ಹೆಸರ ಕಳಸ್ತೀನಿ. ಉಪನಿರ್ದೇಶಕರಾಗ್ರಿ. ಆಮ್ಯಾಲೆ ನಿಮಗ ತಿಳದಂಗ ಮಾಡ್ರಿ, ಯಾರ್ ಬ್ಯಾಡ ಅಂತಾರ? ಕೋಣಿನೂ ನಿಮ್ಮ ತಾಲೂಕಿಗೆ ಬರತಾವು. ಮೇಡಂ? ಕೇಳಸಾಕತ್ತೈತೇನ್ರಿ?"

"ಕೇಳಸಾಕತ್ತೈತ್ರಿ."

"ಮತ್ತ? ಎರಡ ದಿನದ ರಜಾ. ನಾನ ಮಂಜೂರ ಮಾಡಾಕತ್ತೀನಿ. ಲಗೂನ ಹೇಳಬ್ಯಾಡ್ರಿ, ಮನಿಗೆ ಹೋಗ್ರಿ, ಊಟಾ ಮಾಡ್ರಿ, ರಾತ್ರಿ ಕುಂತ ವಿಚಾರ ಮಾಡ್ರಿ."

"ವಿಚಾರ ಮಾಡೀನ್ರಿ ಸರ್," ಎನ್ನುತ್ತಾರೆ ಜಬೀನ. "ರಜಾ ನಾ ಒಲ್ಲೆ."